ಪುಣೆಯಲ್ಲಿದೆ ಕನ್ನಡಿಗರ ಹಳೆಯ ಠೇವಣಿ

ಡೆಕ್ಕನ್ ಕಾಲೇಜಿನ ಸಂಶೋಧನಾ ವಿಭಾಗಗಳು: ಒಂದು ಪರಿಚಯ

ಪುಣೆಯಲ್ಲಿ ರಿಕ್ಷಾ ಹತ್ತಿ ‘ಡೆಕ್ಕನ್’ ಎಂದರೆ ಚಾಲಕ ಸೀದಾ ಡೆಕ್ಕನ್ ಜಿಮ್ಖಾನಾಕ್ಕೆ ಕರೆದೊಯ್ಯುತ್ತಾನೆ. ಹೊಟೇಲು, ಬಟ್ಟೆ ಅಂಗಡಿ, ಸಿನಿಮಾ ಮಂದಿರಗಳ ಆ ಭಾಗ ಕನ್ನಡಿಗರಿಗೂ ಚಿರಪರಿಚಿತ. ಡೆಕ್ಕನ್ ಕಾಲೇಜು ಇರುವುದು ಅಲ್ಲಿ ಅಲ್ಲ. ಅದು ಊರಿನ ಇನ್ನೊಂದು ಕಡೆ, ಮುಳಾ-ಮುಠಾ ನದಿ ದಾಟಿದ ಮೇಲೆ, ಯೆರವಾಡದಲ್ಲಿದೆ. ಹಳೆಯ ಮರಗಳ ನೆರಳಿನಲ್ಲಿ ನಿಂತ ಕಲ್ಲಿನ ಕಟ್ಟಡ. ಆ ರಸ್ತೆಯಲ್ಲಿ ದಿನವೂ ಕಂಪ್ಯೂಟರ್ ಕಂಪನಿಗಳಿಗೆ ಹೋಗಿಬರುವ ಕನ್ನಡದ ಹುಡುಗ ಹುಡುಗಿಯರು ಸಾವಿರಾರು ಮಂದಿ ಇರಬಹುದು. ಆ ಗೇಟಿನೊಳಗೆ ತಮ್ಮ ಊರಿನ ಕಲ್ಲು, ತಮ್ಮ ಅಜ್ಜಿಯ ಮಾತು ಎರಡೂ ಜೋಪಾನವಾಗಿ ಕುಳಿತಿವೆ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ!

ಬ್ಯಾಂಕಿನಲ್ಲಿ ವಾರಸುದಾರರು ಕೇಳದ ಠೇವಣಿ ಎಂಬುದೊಂದಿದೆ. ಹತ್ತು ವರ್ಷ ಯಾರೂ ವಿಚಾರಿಸದಿದ್ದರೆ ಆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಣ ಮಾತ್ರ ಮುಳುಗಿಹೋಗುವುದಿಲ್ಲ. ವಾರಸುದಾರ ದಾಖಲೆ ಹಿಡಿದು ಬಂದರೆ ಇಂದಿಗೂ ಸಿಗುತ್ತದೆ. ಡೆಕ್ಕನ್ ಕಾಲೇಜಿನಲ್ಲಿ ಕನ್ನಡ ನಾಡಿನ ಹೆಸರಿನಲ್ಲಿ ಜಮೆಯಾಗಿರುವುದೂ ಇಂಥದೇ ಠೇವಣಿ.

ಹಳೆಯ ವಿದ್ಯಾರ್ಥಿಗಳು ಉಳಿಸಿದ ಕಾಲೇಜು

ಈ ಸಂಸ್ಥೆಯ ಮೂಲ 1821ರಲ್ಲಿದೆ. ಪೇಶ್ವೆಗಳ ಆಳ್ವಿಕೆ ಮುಗಿದಿತ್ತು. ಅವರು ಪಂಡಿತರಿಗೆ ಕೊಡುತ್ತಿದ್ದ ದಕ್ಷಿಣೆಯ ಹಣದ ಒಂದು ಭಾಗವನ್ನು ವಿದ್ಯೆಗೆ ಬಳಸಬೇಕೆಂದು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಆಡಳಿತ ತೀರ್ಮಾನಿಸಿತು. ಹಾಗೆ ಪುಣೆಯ ವಿಶ್ರಾಮಬಾಗ್ ವಾಡೆಯಲ್ಲಿ ಹಿಂದೂ ಕಾಲೇಜು ಆರಂಭವಾಯಿತು. 1851ರಲ್ಲಿ ಅದು ಪೂನಾ ಕಾಲೇಜಾಯಿತು, 1864ರಲ್ಲಿ ಡೆಕ್ಕನ್ ಕಾಲೇಜು ಎಂಬ ಹೆಸರು ಪಡೆಯಿತು. ಮುಂಬಯಿಯ ದಾನಿ ಸರ್ ಜಮ್ಶೇಟ್‌ಜಿ ಜೀಜೀಭಾಯ್ ಅವರ ಕೊಡುಗೆಯಿಂದ ಯೆರವಾಡದ ಈಗಿನ ಕಟ್ಟಡ ಎದ್ದಿತು. ಲೋಕಮಾನ್ಯ ತಿಲಕ್ ಮತ್ತು ಗೋಪಾಲ ಗಣೇಶ ಆಗರಕರ್ ಓದಿದ್ದು ಇಲ್ಲೇ. ಸಂಸ್ಕೃತ ವಿದ್ವಾಂಸ ಆರ್.ಜಿ. ಭಾಂಡಾರ್ಕರ್ ಪಾಠ ಹೇಳಿದ್ದೂ ಇಲ್ಲೇ. ತಿಲಕರು ವಿದ್ಯಾರ್ಥಿಯಾಗಿದ್ದಾಗ ವಾಸವಿದ್ದ ಕೋಣೆಯನ್ನು ಇಂದಿಗೂ ಕಾಪಾಡಿಕೊಂಡು ಬರಲಾಗಿದೆ.

ಇಷ್ಟು ಹಿರಿಮೆಯಿದ್ದರೂ 1934ರಲ್ಲಿ ಅಂದಿನ ಸರಕಾರ ಕಾಲೇಜನ್ನು ಮುಚ್ಚಿಬಿಟ್ಟಿತು. ಕಟ್ಟಡ ಬೇರೆಯವರ ಪಾಲಾಗುವ ಲಕ್ಷಣವಿತ್ತು. ಆಗ ಎದ್ದು ನಿಂತದ್ದು ಹಳೆಯ ವಿದ್ಯಾರ್ಥಿಗಳ ಸಂಘ. ಅವರು ಮನವಿ ಕೊಟ್ಟು ಸುಮ್ಮನಾಗಲಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದರು. ಕಡೆಗೆ 1939ರ ಆಗಸ್ಟ್ 17ರಂದು ಕಾಲೇಜಿನ ಬಾಗಿಲು ಮತ್ತೆ ತೆರೆಯಿತು. ಆದರೆ ಬಿ.ಎ. ತರಗತಿಗಳ ಮಾಮೂಲು ಕಾಲೇಜಾಗಿ ಅಲ್ಲ, ಸ್ನಾತಕೋತ್ತರ ಅಧ್ಯಯನ ಮತ್ತು ಸಂಶೋಧನೆಗೇ ಮೀಸಲಾದ ಸಂಸ್ಥೆಯಾಗಿ. ಮೊದಲು ಮುಂಬಯಿ ವಿಶ್ವವಿದ್ಯಾಲಯದ ಜೊತೆಗಿದ್ದ ಈ ಸಂಸ್ಥೆ, ಪುಣೆ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಜೊತೆಗಿತ್ತು. 1990ರಲ್ಲಿ ಇದಕ್ಕೇ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು.

ಇಂದು ಇಲ್ಲಿರುವ ಮುಖ್ಯ ವಿಭಾಗಗಳು ಮೂರು: ಪುರಾತತ್ತ್ವ, ಭಾಷಾವಿಜ್ಞಾನ, ಸಂಸ್ಕೃತ ಮತ್ತು ನಿಘಂಟು ರಚನೆ. ಸಂಖ್ಯೆಯಲ್ಲಿ ಕಡಿಮೆ, ಆದರೆ ಕೆಲಸದ ಹರವು ದೊಡ್ಡದು. ಇವುಗಳಲ್ಲಿ ಮೊದಲ ಎರಡು ವಿಭಾಗಗಳು ಕನ್ನಡ ನಾಡಿನೊಡನೆ ಇಟ್ಟುಕೊಂಡ ಸಂಬಂಧ ಎಂಟು ದಶಕಗಳಷ್ಟು ಹಳೆಯದು.

ಬಳ್ಳಾರಿಯ ಗುಡ್ಡ, ಹುಣಸಗಿಯ ಹಳ್ಳ

ಸಂಸ್ಥೆ ಮತ್ತೆ ತೆರೆದಾಗ ಪುರಾತತ್ತ್ವ ವಿಭಾಗಕ್ಕೆ ಬಂದವರು ಎಚ್.ಡಿ. ಸಾಂಕಳಿಯಾ. ಭಾರತದ ಪ್ರಾಗೈತಿಹಾಸಿಕ ಸಂಶೋಧನೆಗೆ ಒಂದು ಶಿಸ್ತು ತಂದುಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಸ್ವತಃ ಬೆಟ್ಟ ಹತ್ತಿ, ನದಿಯ ದಂಡೆ ಹಿಡಿದು ನಡೆದು, ವಿದ್ಯಾರ್ಥಿಗಳನ್ನೂ ನಡೆಸಿದವರು. ಹೀಗೆ ತಯಾರಾದ ಬಿ. ಸುಬ್ಬರಾವ್ ಬಳ್ಳಾರಿ ಸಮೀಪದ ಸಂಗನಕಲ್ಲು ಗುಡ್ಡಗಳಲ್ಲಿ ಅಗೆದು ನೋಡಿದರು. ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಕುರಿತ ಅವರ ಗ್ರಂಥ 1948ರಲ್ಲಿ ಡೆಕ್ಕನ್ ಕಾಲೇಜಿನಿಂದಲೇ ಹೊರಬಂತು. 1964-65ರಲ್ಲಿ ಜೆಡ್.ಡಿ. ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಸಂಗನಕಲ್ಲಿನಲ್ಲಿ ಮತ್ತೆ ಉತ್ಖನನ ಮಾಡಿದರು.

ಅದಕ್ಕೆ ಒಂದು ವರ್ಷ ಮೊದಲು ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ ನಾಗರಾಜರಾವ್ ನಡೆಸಿದ ಉತ್ಖನನ ಇನ್ನೂ ಸ್ವಾರಸ್ಯಕರ. ಬಂಡೆಗಳ ನಡುವೆ ದುಂಡಗಿನ ಗುಡಿಸಲು ಕಟ್ಟಿಕೊಂಡು, ದನ ಸಾಕಿ, ಕಲ್ಲಿನ ಕೊಡಲಿ ತಿಕ್ಕಿ ನಯಗೊಳಿಸಿ ಬದುಕಿದ ಜನರ ಊರು ಅಲ್ಲಿ ಸಿಕ್ಕಿತು. ಕಲ್ಲಿನ ಆಯುಧದ ಆ ಜನರ ಬಳಿ ಚಿನ್ನದ ಆಭರಣವೂ ಇತ್ತು! ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಮಾತಿದು. ಈ ಉತ್ಖನನದ ವರದಿ 1965ರಲ್ಲಿ ಪ್ರಕಟವಾಯಿತು. ನಾಗರಾಜರಾವ್ ಮುಂದೆ ಕರ್ನಾಟಕದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾದರು. ನಂತರ 1980ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಸ್ಥಾನಕ್ಕೂ ಏರಿದರು.

ಕರ್ನಾಟಕದ ಮಟ್ಟಿಗೆ ಡೆಕ್ಕನ್ ಕಾಲೇಜಿನ ಅತಿ ದೀರ್ಘ ಕೆಲಸ ನಡೆದದ್ದು ಹಿಂದಿನ ಗುಲ್ಬರ್ಗಾ, ಈಗಿನ ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಸೀಮೆಯಲ್ಲಿ. ಅದನ್ನು ನಡೆಸಿದವರು ಆಂಧ್ರ ಮೂಲದ ಕೆ. ಪದ್ದಯ್ಯ. ಸುರಪುರ ದೋಆಬಿನ ನವಶಿಲಾಯುಗದ ಬಗ್ಗೆ ಅವರು ಬರೆದ ಗ್ರಂಥ 1973ರಲ್ಲಿ ಬಂತು. ಅನಂತರವೂ ಅವರು ಆ ಸೀಮೆ ಬಿಡಲಿಲ್ಲ. ವರ್ಷ ವರ್ಷವೂ ಅದೇ ಹಳ್ಳ, ಅದೇ ಹೊಲ. ಹುಣಸಗಿ ಮತ್ತು ಬೈಚಬಾಳ ಕೊಳ್ಳಗಳ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದಲ್ಲಿ ಆದಿಮಾನವನ ಕಲ್ಲಿನ ಕೈಗೊಡಲಿಗಳು ಸಿಗುವ ಸುಮಾರು 200 ನೆಲೆಗಳನ್ನು ಅವರ ತಂಡ ಗುರುತಿಸಿತು.

ಕಲ್ಲು ಎಲ್ಲೆಲ್ಲಿ ಸಿಕ್ಕಿತು ಎಂದು ಪಟ್ಟಿ ಮಾಡಿದ್ದರೆ ಅದು ಬರೀ ಲೆಕ್ಕವಾಗುತ್ತಿತ್ತು. ಪದ್ದಯ್ಯ ಕೇಳಿದ ಪ್ರಶ್ನೆ ಬೇರೆ: ಆ ಜನ ಇಲ್ಲಿ ಹೇಗೆ ಬದುಕಿದರು? ಮಳೆಗಾಲದಲ್ಲಿ ಎಲ್ಲೆಡೆ ನೀರಿರುತ್ತದೆ, ಆಗ ಜನ ಸಣ್ಣ ಗುಂಪುಗಳಾಗಿ ಕೊಳ್ಳದ ತುಂಬ ಚದುರುತ್ತಿದ್ದರು. ಬೇಸಿಗೆಯಲ್ಲಿ ಬುಗ್ಗೆಯ ನೀರು ಬತ್ತದ ಕೆಲವೇ ಹಳ್ಳಗಳ ಬಳಿ ಬಂದು ಸೇರುತ್ತಿದ್ದರು. ನೆಲೆಗಳು ಹರಡಿರುವ ರೀತಿಯಿಂದ ಅವರು ಕಂಡುಕೊಂಡ ಉತ್ತರವಿದು. ಉತ್ತರ ಕರ್ನಾಟಕದ ಬೇಸಿಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸೀಮೆಯ ಇಸಾಂಪುರ ಎಂಬ ಹಳ್ಳಿಯ ನೆಲೆ 1983ರಲ್ಲಿ ಗಮನಕ್ಕೆ ಬಂತು. ನೀರಾವರಿ ಕೆಲಸಕ್ಕಾಗಿ ಮೇಲ್ಮಣ್ಣು ತೆಗೆದಿದ್ದರಿಂದ ಅಡಿಯ ಸುಣ್ಣಕಲ್ಲಿನ ಹಾಸು ಹೊರಗೆ ಕಂಡಿತ್ತು. 1997ರಿಂದ 2001ರವರೆಗೆ ಅಲ್ಲಿ ಉತ್ಖನನ ನಡೆಯಿತು. ಅದು ಆದಿಮಾನವನ ಕಾರ್ಖಾನೆ ಎಂದರೆ ತಪ್ಪಾಗದು. ಚಪ್ಪಡಿ ಎಬ್ಬಿಸಿದ ಜಾಗ, ಹೊಡೆಯಲು ಬಳಸಿದ ಸುತ್ತಿಗೆಗಲ್ಲು, ಉದುರಿದ ಚಕ್ಕೆ, ಅರ್ಧಕ್ಕೆ ಬಿಟ್ಟ ಕೈಗೊಡಲಿ ಎಲ್ಲವೂ ಕೆಲಸಗಾರರು ಎದ್ದು ಹೋದ ಹಾಗೆಯೇ ಬಿದ್ದಿದ್ದವು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆ ತಿಳಿದುಬಂತು. ಭಾರತದ ಅತಿ ಹಳೆಯ ಮಾನವ ನೆಲೆಗಳ ಮಾತು ಬಂದಾಗ ಇಂದು ಜಗತ್ತಿನ ವಿದ್ವಾಂಸರು ಈ ಪುಟ್ಟ ಹಳ್ಳಿಯ ಹೆಸರು ಹೇಳುತ್ತಾರೆ. ಪದ್ದಯ್ಯನವರು ಮುಂದೆ ಡೆಕ್ಕನ್ ಕಾಲೇಜಿನ ನಿರ್ದೇಶಕರಾದರು, 2012ರಲ್ಲಿ ಪದ್ಮಶ್ರೀ ಗೌರವಕ್ಕೂ ಪಾತ್ರರಾದರು.

ಇದೇ ಸೀಮೆಯ ಬೂದಿಹಾಳದ ಕತೆಯೂ ಕೇಳುವಂಥದು. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಅಲ್ಲಲ್ಲಿ ದೊಡ್ಡ ಬೂದಿಗುಡ್ಡಗಳಿವೆ. ಹಂಪಿಯ ಬಳಿಯ ಒಂದನ್ನು ವಾಲಿಯನ್ನು ಸುಟ್ಟ ಜಾಗವೆಂದು ಜನ ತೋರಿಸುತ್ತಾರೆ. ಈ ಬೂದಿ ಎಲ್ಲಿಂದ ಬಂತೆಂದು ಬ್ರಿಟಿಷರ ಕಾಲದಿಂದಲೂ ಚರ್ಚೆ ಇತ್ತು. ಪದ್ದಯ್ಯ 1990ರ ದಶಕದಲ್ಲಿ ಬೂದಿಹಾಳದಲ್ಲಿ ಅಗೆದಾಗ ದನದ ದೊಡ್ಡಿ, ಅದರ ಪಕ್ಕದಲ್ಲೇ ಜನರ ಮನೆಗಳು, ಮಾಂಸ ಕತ್ತರಿಸುತ್ತಿದ್ದ ಜಾಗ, ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಎಲ್ಲ ಒಂದೊಂದಾಗಿ ಕಂಡವು. ಗುಡ್ಡವೆಂದರೆ ತಲೆಮಾರುಗಳ ಕಾಲ ರಾಶಿ ಹಾಕಿ ಸುಟ್ಟ ಸಗಣಿ. ಬೂದಿಯನ್ನು ಊರಿನ ಹೆಸರಿನಲ್ಲೇ ಉಳಿಸಿಕೊಂಡ ಜನರಿಗೆ ಅದರ ಅರ್ಥ ಹೇಳಲು ಪುಣೆಯಿಂದ ಬರಬೇಕಾಯಿತು.

ಅಜ್ಜಿಯ ಮಾತು ಅಚ್ಚಾದದ್ದು

ಕಲ್ಲಿನಂತೆ ಮಾತಿಗೂ ಇಲ್ಲಿ ಒಂದು ವಿಭಾಗವಿದೆ. ‘ನಾನು ಹೋಗುತ್ತೇನೆ’ ಎಂಬುದನ್ನು ಧಾರವಾಡದವರು ‘ಹೋಗ್ತೇನ್ರೀ’ ಅಂದರೆ, ಮೈಸೂರು ಸೀಮೆಯ ಹಳ್ಳಿಯವರು ‘ಓಯ್ತೀನಿ’ ಅನ್ನುತ್ತಾರೆ, ಕುಂದಾಪುರದವರು ‘ಹೋತೆ’ ಅನ್ನುತ್ತಾರೆ. ಮುಂಬಯಿಯ ಒಂದೇ ಚಾಳಿನಲ್ಲಿ, ಒಂದೇ ಸಂಘದ ಸಭೆಯಲ್ಲಿ ಈ ಮೂರೂ ಕಿವಿಗೆ ಬೀಳುತ್ತವೆ. ಪರಸ್ಪರ ನಗಲು, ಛೇಡಿಸಲು ಇದು ಒಳ್ಳೆಯ ವಿಷಯ. ಭಾಷಾವಿಜ್ಞಾನಿಗೆ ಮಾತ್ರ ಇದು ತಮಾಷೆಯಲ್ಲ. ಒಂದೊಂದು ರೂಪಕ್ಕೂ ತನ್ನದೇ ನಿಯಮವಿದೆ, ಚರಿತ್ರೆಯಿದೆ.

ಈ ವಿಭಾಗವನ್ನು ಬೆಳೆಸಿದವರು ಎಸ್.ಎಂ. ಕತ್ರೆ. ಕೊಂಕಣಿ ಭಾಷೆ ರೂಪುಗೊಂಡ ಬಗೆಯನ್ನು ಕುರಿತು 1942ರಲ್ಲಿ ಗ್ರಂಥ ಬರೆದ ವಿದ್ವಾಂಸ ಅವರು. 1950ರ ದಶಕದ ಮಧ್ಯದಿಂದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ಇಲ್ಲಿ ಭಾಷಾವಿಜ್ಞಾನದ ಶಿಬಿರಗಳು ನಡೆದವು. ದೇಶದ ನಾನಾ ಭಾಷೆಗಳ ಅಧ್ಯಾಪಕರು ಬಂದು ಕಲಿತರು, ಅಮೆರಿಕದ ವಿದ್ವಾಂಸರೂ ಬಂದರು. ಅವರಲ್ಲಿ ಒಬ್ಬರಾದ ವಿಲಿಯಂ ಬ್ರೈಟ್ ಆಡುಗನ್ನಡವನ್ನು ಅಭ್ಯಾಸ ಮಾಡಿ ಬರೆದ ಪುಸ್ತಕ 1958ರಲ್ಲಿ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು.

ಅದೇ 1958ರಲ್ಲಿ ಇಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದವರು ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್. ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಅವರು ಪುಣೆಯ ಆ ಡಿಪ್ಲೊಮಾದ ನಂತರ ಅಮೆರಿಕಕ್ಕೆ ಹೋದರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆ ನಿಂತು, 1973ರಲ್ಲಿ ಬಂದ ವಚನಗಳ ಇಂಗ್ಲಿಷ್ ಅನುವಾದದಿಂದ ಬಸವಣ್ಣ, ಅಕ್ಕಮಹಾದೇವಿಯರನ್ನು ಜಗತ್ತಿನ ಓದುಗರಿಗೆ ಮುಟ್ಟಿಸಿದರು. ಆ ದಾರಿಯಲ್ಲಿ ಯೆರವಾಡವೂ ಒಂದು ನಿಲ್ದಾಣ.

1960ರ ದಶಕದಲ್ಲಿ ಕನ್ನಡದ ಒಳನುಡಿಗಳ ಸರದಿ ಬಂತು. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರ ಕನ್ನಡದ ಮೇಲೆ ಎ.ಎಸ್. ಆಚಾರ್ಯರ ಪುಸ್ತಕ 1967ರಲ್ಲಿ ಬಂತು. ನಂಜನಗೂಡಿನ ಕನ್ನಡದ ಮೇಲೆ ಯು.ಪಿ. ಉಪಾಧ್ಯಾಯರು, ಗುಲ್ಬರ್ಗಾದ ಕನ್ನಡದ ಮೇಲೆ ಆರ್. ಮಹದೇವನ್ ಬರೆದ ಪುಸ್ತಕಗಳು 1968ರಲ್ಲಿ ಬಂದವು. ತುಳು ಭಾಷೆಯ ರಚನೆಯನ್ನು ವಿವರಿಸಿದ ಡಿ.ಎನ್. ಶಂಕರ ಭಟ್ಟರ ಗ್ರಂಥ 1967ರದು. ನಾಲ್ಕೂ ಡೆಕ್ಕನ್ ಕಾಲೇಜಿನ ಪ್ರಕಟಣೆಗಳು. ಬಾಸೆಲ್ ಮಿಷನ್ನಿನ ಬ್ರಿಗೆಲ್ 1872ರಲ್ಲಿ ತುಳುವಿಗೆ ವ್ಯಾಕರಣ ಬರೆದು ಸುಮಾರು ನೂರು ವರ್ಷ ಕಳೆದ ಮೇಲೆ, ತುಳುನಾಡಿನವರೇ ಒಬ್ಬರು ಹೊಸ ಶಾಸ್ತ್ರದ ಕಣ್ಣಿನಿಂದ ತಮ್ಮ ಭಾಷೆಯನ್ನು ನೋಡಿದ್ದು ಪುಣೆಯಲ್ಲಿ.

ಇಂಥ ಕೆಲಸ ಹೊರನೋಟಕ್ಕೆ ಸುಲಭ, ಮಾಡಲು ಕಠಿಣ. ಆ ಮಾತನ್ನೇ ಹುಟ್ಟಿನಿಂದ ಆಡಿದವರನ್ನು ಹುಡುಕಬೇಕು. ಮನೆ, ಅಡುಗೆ, ಹೊಲ, ನೆಂಟಸ್ತಿಕೆ ಹೀಗೆ ನೂರಾರು ಪದ, ವಾಕ್ಯ ಕೇಳಬೇಕು. ಕೇಳಿದ್ದನ್ನು ಪುಸ್ತಕದ ಕನ್ನಡಕ್ಕೆ ತಿದ್ದದೆ, ಬಾಯಿಂದ ಬಂದ ಧ್ವನಿಯನ್ನೇ ಗುರುತಿಸಿ ಬರೆಯಬೇಕು. ‘ಹ’ಕಾರ ಬಿಟ್ಟವರನ್ನು ತಪ್ಪುಗಾರರೆಂದು ನೋಡದೆ, ಎಲ್ಲಿ ಬಿಡುತ್ತಾರೆ, ಎಲ್ಲಿ ಬಿಡುವುದಿಲ್ಲ ಎಂದು ನೋಡಬೇಕು. ಶಾಲೆಯಲ್ಲಿ ಮೇಷ್ಟರು ಬೆತ್ತ ಹಿಡಿದು ತಿದ್ದಿದ ಮಾತಿಗೆ ಇಲ್ಲಿ ಶಾಸ್ತ್ರದ ಮರ್ಯಾದೆ ಸಿಕ್ಕಿತು.

ಈ ತರಬೇತಿಯ ಫಲ ಆಮೇಲೆ ನಾಡಿಗೂ ದಕ್ಕಿತು. ಉಪಾಧ್ಯಾಯರು ಉಡುಪಿಯಲ್ಲಿ ತುಳು ನಿಘಂಟಿನ ಪ್ರಧಾನ ಸಂಪಾದಕರಾಗಿ ಆರು ಸಂಪುಟಗಳನ್ನು ತಂದರು. ಶಂಕರ ಭಟ್ಟರು, ಕನ್ನಡಕ್ಕೆ ಸಂಸ್ಕೃತದ ಅಚ್ಚಿನ ವ್ಯಾಕರಣ ಸಾಲದು, ಅದರದ್ದೇ ವ್ಯಾಕರಣ ಬೇಕು ಎಂದು ವಾದಿಸಿ 2000ದ ನಂತರ ಕನ್ನಡದಲ್ಲಿ ದೊಡ್ಡ ಚರ್ಚೆ ಎಬ್ಬಿಸಿದರು. ಅವರ ಎಲ್ಲ ಸಲಹೆಗಳನ್ನು ಒಪ್ಪದವರೂ ಅವರ ಪಾಂಡಿತ್ಯಕ್ಕೆ ತಲೆಬಾಗುತ್ತಾರೆ.

ಕೋಟಿ ಚೀಟಿಗಳ ನಿಘಂಟು

ಮೂರನೆಯ ವಿಭಾಗ ಸಂಸ್ಕೃತ ನಿಘಂಟಿನದು. ಕತ್ರೆಯವರು 1948ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಋಗ್ವೇದದಿಂದ ಹಿಡಿದು ಈಚಿನ ಕೃತಿಗಳವರೆಗೆ ಸುಮಾರು 1,500 ಗ್ರಂಥಗಳಿಂದ ಪದಗಳನ್ನು ಆರಿಸಲಾಯಿತು. ಒಂದು ಪದ, ಅದು ಬಂದ ವಾಕ್ಯ, ಗ್ರಂಥದ ಹೆಸರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಕಾರಾದಿಯಾಗಿ ಜೋಡಿಸಿಡುವುದು. ಇಪ್ಪತ್ತೈದು ವರ್ಷ ಬರೆದ ಚೀಟಿಗಳ ಸಂಖ್ಯೆ ಸುಮಾರು ಒಂದು ಕೋಟಿ! ಕಂಪ್ಯೂಟರ್ ಬರುವ ಮುಂಚಿನ ಬ್ಯಾಂಕಿನಲ್ಲಿ ವೋಚರ್ ಜೋಡಿಸಿದವರಿಗೆ ಮಾತ್ರ ಈ ಸಂಖ್ಯೆಯ ಭಾರ ಸರಿಯಾಗಿ ತಿಳಿದೀತು. ಒಂದು ಚೀಟಿ ತಪ್ಪು ಗೂಡಿಗೆ ಹೋದರೆ ಮತ್ತೆ ಹುಡುಕಿ ತೆಗೆಯುವುದು ಯಾರು?

ಮೊದಲ ಸಂಪುಟ ಎ.ಎಂ. ಘಾಟಗೆ ಅವರ ಸಂಪಾದಕತ್ವದಲ್ಲಿ 1976ರಲ್ಲಿ ಹೊರಬಂತು. ಮೂವತ್ತೈದು ಸಂಪುಟಗಳಾದರೂ ನಿಘಂಟು ‘ಅ’ಕಾರ ದಾಟಿರಲಿಲ್ಲ. ಕೇಳಿದವರು ನಗಬಹುದು. ಆದರೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕೆಲಸ 1940ರ ದಶಕದಲ್ಲಿ ಆರಂಭವಾಗಿ, ಮೊದಲ ಸಂಪುಟ 1970ರಲ್ಲಿ, ಎಂಟನೆಯ ಹಾಗೂ ಕೊನೆಯ ಸಂಪುಟ 1995ರಲ್ಲಿ ಬಂದದ್ದನ್ನು ನೆನೆದರೆ ನಗು ನಿಲ್ಲುತ್ತದೆ. ಆರಂಭಿಸಿದವರು ಮುಕ್ತಾಯ ಕಾಣುವುದಿಲ್ಲ ಎಂದು ಗೊತ್ತಿದ್ದೂ ಮಾಡುವ ಕೆಲಸಗಳಿವು. ಮಾರ್ಚ್ ಕೊನೆಗೆ ಲಾಭ-ನಷ್ಟ ನೋಡುವ ಕಣ್ಣಿಗೆ ಇವು ಕಾಣುವುದೇ ಇಲ್ಲ.

ವಾರಸುದಾರರು ಯಾರು?

ಇಂಥ ಕೇಂದ್ರಗಳಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಉತ್ತರ ಕಣ್ಣೆದುರೇ ಇದೆ. ಹಾಲಕ್ಕಿ ಸಮುದಾಯದ ಇಬ್ಬರು ಹೆಮ್ಮೆಯ ತಾಯಂದಿರು, ಪದ್ಮಶ್ರೀ ಪುರಸ್ಕೃತರು, ಮರಗಳ ಮಾತೆ ತುಳಸಿ ಗೌಡ ಮತ್ತು ಹಾಡುಗಳ ಕಣಜ ಸುಕ್ರಿ ಬೊಮ್ಮಗೌಡ. ಮೊದಲನೆಯವರು 2024ರ ಡಿಸೆಂಬರಿನಲ್ಲಿ, ಎರಡನೆಯವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಎಳವೆಯಿಂದ ಆಡಿದ ನುಡಿ ಟಿವಿ, ಶಾಲೆ, ಪೇಟೆಯ ಕನ್ನಡದ ನಡುವೆ ದಿನದಿನಕ್ಕೆ ಬದಲಾಗುತ್ತಿದೆ. ಆ ನುಡಿ 1960ರ ದಶಕದಲ್ಲಿ ಹೇಗಿತ್ತು ಎಂಬುದಕ್ಕೆ ಆಚಾರ್ಯರ ಪುಸ್ತಕ ಸಾಕ್ಷಿ. ಆಗ ಬರೆದಿಡದಿದ್ದರೆ ಈಗ ಬರೆಯಲು ಸಾಧ್ಯವಿರಲಿಲ್ಲ.

ಕಲ್ಲಿನ ಕತೆಯೂ ಹೀಗೆಯೇ. ಕೃಷ್ಣೆಯ ಕಾಲುವೆ ನೀರು ಬಂದ ಮೇಲೆ ಹುಣಸಗಿ ಸೀಮೆಯಲ್ಲಿ ಹೊಲಗಳು ಸಮತಟ್ಟಾಗಿ ಭತ್ತದ ಗದ್ದೆಗಳಾದವು. ರೈತನ ಬಾಳು ಹಸನಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಕ್ಷಾಂತರ ವರ್ಷ ಕದಲದ ಕಲ್ಲುಗಳು ಒಂದು ಬುಲ್‌ಡೋಜರಿಗೆ ಒಂದು ಮಧ್ಯಾಹ್ನದ ಕೆಲಸ. ಸಂಗನಕಲ್ಲಿನ ಗುಡ್ಡಗಳಿಗೂ ಕಲ್ಲು ಗಣಿಗಾರಿಕೆಯ ಕಾಟ ತಪ್ಪಲಿಲ್ಲ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಎದ್ದಿರುವುದು ಸಮಾಧಾನದ ಸಂಗತಿ. ನೆಲದ ಮೇಲೆ ಅಳಿದದ್ದಕ್ಕೆ ಮಾತ್ರ ಸಂಶೋಧಕರು ಮೊದಲೇ ಗುರುತಿಸಿಟ್ಟ ನಕ್ಷೆ, ವರದಿಗಳೇ ಗತಿ.

ಮುಂಬಯಿ, ಪುಣೆಯ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಪ್ರತಿಭಾವಂತ ಮಕ್ಕಳಿಗೆ ವಿದ್ಯಾರ್ಥಿ ವೇತನ ಕೊಡುತ್ತವೆ. ಇಂಜಿನಿಯರಿಂಗ್, ವೈದ್ಯಕೀಯ, ಸಿ.ಎ. ಮಕ್ಕಳಿಗೆ ಚಪ್ಪಾಳೆ ಬೀಳುತ್ತದೆ, ಬೀಳಲಿ. ಅದರ ಜೊತೆಗೆ ಪುರಾತತ್ತ್ವವನ್ನೋ ಭಾಷಾವಿಜ್ಞಾನವನ್ನೋ ಆರಿಸಿಕೊಂಡ ಒಬ್ಬ ಹುಡುಗಿಗೂ ಒಂದು ಲಕೋಟೆ ಕೊಟ್ಟರೆ, ‘ಅದನ್ನೋದಿ ಏನು ಮಾಡ್ತೀಯಾ?’ ಎಂದು ಕೇಳುವ ನೆಂಟರ ಎದುರು ಅವಳಿಗೆ ಆಸರೆಯಾದೀತು. ಪ್ರವಾಸ ಹೊರಡುವ ಮಹಿಳಾ ವಿಭಾಗ, ಯುವ ವಿಭಾಗಗಳು ಮೊದಲೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿಕೊಂಡು ಒಂದು ದಿನ ಅಲ್ಲಿನ ಪುರಾತತ್ತ್ವ ಸಂಗ್ರಹ ನೋಡಿ ಬರಬಹುದು.

ಅಷ್ಟೂ ಆಗದಿದ್ದರೆ ಮನೆಯಲ್ಲೇ ಆಗುವ ಕೆಲಸವೊಂದಿದೆ. ಊರಿನಿಂದ ಬಂದು ಡೊಂಬಿವಿಲಿಯಲ್ಲೋ ಪಿಂಪ್ರಿಯಲ್ಲೋ ಮಗನ ಮನೆಯಲ್ಲಿರುವ ಅಜ್ಜಿಯನ್ನು ಮೊಮ್ಮಗ ಪಕ್ಕದಲ್ಲಿ ಕೂರಿಸಿಕೊಂಡು, ಅಡುಗೆಯ, ಗದ್ದೆಯ, ನೆಂಟರ ಮಾತು ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಬಹುದು. 1960ರ ದಶಕದ ವಿದ್ವಾಂಸರು ಊರೂರು ಅಲೆದು ಮಾಡಿದ ಕೆಲಸದ ಮೊದಲ ಹೆಜ್ಜೆ ಅದೇ ಆಗಿತ್ತು.

1934ರಲ್ಲಿ ಮುಚ್ಚಿದ ಕಾಲೇಜನ್ನು ಮತ್ತೆ ತೆರೆಸಿದ್ದು ಒಂದು ಸಂಘ ಎಂಬುದನ್ನು ಸಂಘಗಳನ್ನು ನಡೆಸುವವರು ಮರೆಯಬಾರದು. ಅಂದು ಆ ಹಳೆಯ ವಿದ್ಯಾರ್ಥಿಗಳು ಸುಮ್ಮನಿದ್ದಿದ್ದರೆ ಇಸಾಂಪುರದ ಕಲ್ಲಿಗೆ, ಹಾಲಕ್ಕಿಯ ಮಾತಿಗೆ ಪುಣೆಯಲ್ಲಿ ಜಾಗವಿರುತ್ತಿರಲಿಲ್ಲ. ಠೇವಣಿ ಇನ್ನೂ ಭದ್ರವಾಗಿದೆ. ಗುರುತು ಹೇಳಿಕೊಂಡು ಬರುವ ವಾರಸುದಾರರಿಗೆ ಅಲ್ಲಿ ಬಾಗಿಲು ತೆರೆದಿದೆ.